ಬಲ್ಬ್ ಬದಲಿಸುವ ಮೊದಲು ಅರ್ತಿಂಗ್ ನೋಡಿ

ಹೆಡ್‌ಲೈಟ್ ಮಂಕಾದರೆ ಎಲ್ಲರೂ ಬೈಯುವುದು ಬಲ್ಬನ್ನು. ನನ್ನ ಅನುಮಾನ ಮೊದಲು ಹೋಗುವುದು ಅರ್ತಿಂಗ್ ತಂತಿಯ ಕಡೆಗೆ, ಅಂದರೆ ದೀಪದಿಂದ ಕರೆಂಟನ್ನು ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಮರಳಿಸುವ ತಂತಿಯ ಕಡೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಂದೇ ಇರುವ ಕೊಡಗಿನಲ್ಲಿ ಬಾನೆಟ್ ಅಡಿಯ ತಗಡು, ತಾಮ್ರ ಎರಡೂ ಹೆಚ್ಚು ಕಾಲ ನೆಟ್ಟಗಿರುವುದಿಲ್ಲ.

ಕಳೆದ ಕಕ್ಕಡ ಮಾಸದಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳು) ಭಾಗಮಂಡಲದಿಂದ ಮಡಿಕೇರಿಗೆ ಮಂಜಿನಲ್ಲಿ ಬರುವಾಗ ನಮ್ಮ ಹಳೆಯ ಕಾರಿನ ಎಡದೀಪ ಕೆಂಪಗೆ ಉರಿಯುತ್ತಿತ್ತು. ಇಂಡಿಕೇಟರ್ ಹಾಕಿದರೆ ಅದರ ತಾಳಕ್ಕೆ ಹೆಡ್‌ಲೈಟೂ ಮಿಣುಕುತ್ತಿತ್ತು. ಎರಡೂ ಕಡೆ ಮಂಕಾಗಿದ್ದರೆ ಬ್ಯಾಟರಿಯನ್ನೋ ಆಲ್ಟರ್ನೇಟರನ್ನೋ ನೋಡುತ್ತಿದ್ದೆ. ದೀಪ ಹತ್ತದೇ ಇದ್ದಿದ್ದರೆ ಫ್ಯೂಸನ್ನು. ಮನೆಗೆ ಬಂದು ಎಡಬಲದ ಬಲ್ಬುಗಳನ್ನು ಅದಲುಬದಲು ಮಾಡಿದೆ. ಮಂಕು ಎಡಕ್ಕೇ ಉಳಿಯಿತು. ಬಲ್ಬ್ ನಿರಪರಾಧಿ.

ಮುಂದಿನ ಪರೀಕ್ಷೆ ಮಲ್ಟಿಮೀಟರಿನದು. ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ಬಲ್ಬ್ ಕಿತ್ತು ಅಳೆದರೆ ಕರೆಂಟ್ ಹರಿಯುವುದಿಲ್ಲ, ಕೆಟ್ಟ ತಂತಿಯೂ ಒಳ್ಳೆಯದಾಗಿಯೇ ಕಾಣುತ್ತದೆ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ ಒತ್ತಿ, ಕೆಂಪು ಕಡ್ಡಿಯನ್ನು ಹೋಲ್ಡರ್‌ನ ಹಿಂಬದಿಯಿಂದ ಅರ್ತಿಂಗ್ ಪಿನ್ನಿಗೆ ತಾಗಿಸಿದೆ. ಮೀಟರ್ ತೋರಿಸುವುದು ಅರ್ತಿಂಗ್ ದಾರಿಯಲ್ಲಿ ನಷ್ಟವಾಗುವ ವೋಲ್ಟೇಜನ್ನು; ಅದು 0.2 ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಇಲ್ಲಿ 2 ವೋಲ್ಟ್ ದಾಟಿತ್ತು. ಹ್ಯಾಲೊಜೆನ್ ದೀಪಕ್ಕೆ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಕುಗ್ಗುತ್ತದೆ. ಮಂಕಿಗೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಬ್ಯಾಟರಿಯ ನೆಗೆಟಿವ್ ಕಳಚಿ, ರೇಡಿಯೇಟರ್ ಪಕ್ಕದ ಅರ್ತಿಂಗ್ ಬೋಲ್ಟ್ ಬಿಚ್ಚಿದೆ. ಅಡಿಯಲ್ಲಿ ತುಕ್ಕು ಚಕ್ಕೆಚಕ್ಕೆಯಾಗಿ ಎದ್ದಿತ್ತು, ತಂತಿಯ ತುದಿಯ ಬಳೆಗೆ ಹಸಿರು ಕಿಲುಬು. ಹೊದಿಕೆ ಸುಲಿದರೆ ಒಳಗಿನ ಎಳೆಗಳೂ ಕಪ್ಪಾಗಿದ್ದವು. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಬಳೆ ಒತ್ತಿ ಕೂರಿಸಿದೆ. ಬಾಡಿಯ ತಗಡನ್ನು ಎಮರಿ ಪೇಪರಿನಿಂದ ಬೆಳ್ಳಗಾಗುವಂತೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಬಳಿದೆ. ಮೀಟರ್ 0.1ಕ್ಕಿಂತ ಕೆಳಗಿಳಿಯಿತು.

ಗಾಜಿನೊಳಗೆ ಬೆವರಿದಂತೆ ನೀರೂ ಇತ್ತು. ಹಿಂದಿನ ರಬ್ಬರ್ ಟೋಪಿ ಬಿರುಕು ಬಿಟ್ಟಿತ್ತು, ಬದಲಿಸಿದೆ. ಗಾಳಿಯಾಡುವ ಸಣ್ಣ ರಂಧ್ರವನ್ನು ಸಿಲಿಕೋನ್ ಹಾಕಿ ಮುಚ್ಚುವವರಿದ್ದಾರೆ. ಹಾಗೆ ಮಾಡಿದರೆ ತೇವ ಹೊರಹೋಗಲು ದಾರಿಯೇ ಇರುವುದಿಲ್ಲ. 60/55 ವ್ಯಾಟ್ ಜಾಗಕ್ಕೆ 100 ವ್ಯಾಟ್ ಬಲ್ಬ್ ಹಾಕುವ ಶೋಕಿಯೂ ನನಗೆ ಹಿಡಿಸದು. ಹೋಲ್ಡರ್ ಕರಗುತ್ತದೆ, ಮಂಜಿನಲ್ಲಿ ಬೆಳಕು ತಿರುಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ.

ದೀಪ ಬಿಚ್ಚಿದ ಮೇಲೆ ಗುರಿ ಸರಿಪಡಿಸಲೇಬೇಕು. ಅದಕ್ಕೆ ಸಮತಟ್ಟಾದ ಜಾಗ ಬೇಕು. ನಮ್ಮಲ್ಲಿ ಅದೆಂದರೆ ಕಾಫಿ ಕಣ. ಗೋದಾಮಿನ ಗೋಡೆಯಿಂದ 7.5 ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ, ದೀಪದ ನಡುಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಬಿಚ್ಚದ ಬಲದೀಪವೇ ಅಳತೆಗೋಲು: ಅದರ ಲೋ ಬೀಮಿನ ಮೇಲಂಚು ಗೆರೆಗಿಂತ ಏಳೆಂಟು ಸೆಂಟಿಮೀಟರ್ ಕೆಳಗಿತ್ತು, ಎಡವನ್ನೂ ಅಲ್ಲಿಗೇ ತಂದೆ. ಗುರಿ ಹೊಂದಿಸುವ ಸ್ಕ್ರೂ ಬಿಗಿಹಿಡಿದಿದ್ದರೆ ಬಲಪ್ರಯೋಗ ಬೇಡ. ಒಳಗಿನ ಪ್ಲಾಸ್ಟಿಕ್ ಹಲ್ಲು ಮುರಿದರೆ ಇಡೀ ದೀಪದ ಬೆಲೆ ತೆರಬೇಕಾಗುತ್ತದೆ.