ಐದು ನಿಮಿಷಕ್ಕೇ ನಿಲ್ಲುತ್ತಿದ್ದ ಎಂಜಿನ್

ಮಲ್ಪೆಯಲ್ಲಿರುವ ನಮ್ಮ ದೋಣಿಯ ಹಿಂಬದಿಗೆ ಸಿಕ್ಕಿಸುವ ಹಳೇ ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗುತ್ತಿತ್ತು, ಐದೇ ನಿಮಿಷಕ್ಕೆ ನಿಂತುಬಿಡುತ್ತಿತ್ತು. ಪ್ಲಗ್ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಎರಡು ದಿನ ಸುಮ್ನೆ ಹೋಯಿತು. ಕೊನೆಗೆ, ನಿಂತ ಕೂಡಲೇ ಪೆಟ್ರೋಲ್ ಪೈಪಿನ ನಡುವಿನ ರಬ್ಬರ್ ಬಲ್ಬ್, ಅಂದರೆ ಕೈಯಿಂದ ಹಿಂಡಿ ಪೆಟ್ರೋಲ್ ತುಂಬಿಸುವ ಉಂಡೆ, ನೋಡಿದೆ. ಹಿಂಡಿದ ನಿಂಬೆಹಣ್ಣಿನ ಹಾಗೆ ಚಪ್ಪಟೆಯಾಗಿತ್ತು! ಅಂದರೆ ಪಂಪ್ ಎಳೆಯುತ್ತಿದೆ, ಟ್ಯಾಂಕಿನಿಂದ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ಸಡಿಲಿಸಿದೆ. ಉಸ್ಸೆಂದು ಗಾಳಿ ಒಳಗೆ ನುಗ್ಗಿತು, ಬಲ್ಬ್ ಮೆಲ್ಲಗೆ ಉಬ್ಬಿತು. ಮುಚ್ಚಳದ ಗಾಳಿ ತೂತಿನಲ್ಲಿ ಉಪ್ಪು ಗಟ್ಟಿಯಾಗಿ ಕೂತಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಹೇಗೆ ಬರುತ್ತದೆ, ಅಲ್ವಾ? ಮುಚ್ಚಳವನ್ನು ಸಿಹಿನೀರಿನಲ್ಲಿ ತೊಳೆದು, ತೆಳು ತಂತಿಯಿಂದ ತೂತು ಬಿಡಿಸಿ, ಚೆನ್ನಾಗಿ ಒಣಗಿಸಿ ಹಾಕಿದೆ. ಮರುದಿನ ಸೈಂಟ್ ಮೇರಿ ದ್ವೀಪದ ತನಕ ಹೋಗಿ ಬಂದೆವು, ಒಮ್ಮೆಯೂ ನಿಲ್ಲಲಿಲ್ಲ. ಬಲ್ಬ್ ಗಟ್ಟಿಯಾಗಿದ್ದೂ ಎಂಜಿನ್ ನಿಂತರೆ ಆಗ ಕಾರ್ಬ್ಯುರೇಟರ್‌ಗೆ ಕೈ ಹಾಕಿ.