ಡಿಗ್ರಿಗೆ ಸೇರಿದ್ದಾಯಿತು, ಮುಂದೇನು? ಮೊದಲ ಸೆಮಿಸ್ಟರ್ ದಾಟುವ ಬಗೆ

ಪಿಯುಸಿ ಮುಗಿಸಿ ಹಾಸನದ ಯಾವುದೋ ಕಾಲೇಜಿನಲ್ಲಿ ಶುಲ್ಕ ಕಟ್ಟಿ ರಸೀದಿ ಪಡೆದ ದಿನ, ಮಕ್ಕಳೂ ಪೋಷಕರೂ ದೊಡ್ಡದೊಂದು ಕೆಲಸ ಮುಗಿಯಿತೆಂದು ಕಾಫಿ ಕುಡಿದು ಊರಿನ ಬಸ್ಸು ಹತ್ತುತ್ತಾರೆ. ಪದವಿ ತರಗತಿಗಳಲ್ಲಿ ಹಲವು ವರ್ಷ ಪಾಠ ಮಾಡಿದ ಅನುಭವದಿಂದ ಹೇಳುವುದಾದರೆ, ತೊಡಕುಗಳು ಶುರುವಾಗುವುದು ಆಮೇಲೆ. ಪಿಯು ಕಾಲೇಜಿನಲ್ಲಿ ಟೆಸ್ಟ್ ತಪ್ಪಿಸಿದರೆ ಮನೆಗೆ ಫೋನ್ ಹೋಗುತ್ತಿತ್ತು. ಪರೀಕ್ಷಾ ಶುಲ್ಕದ ಕೊನೆಯ ದಿನವನ್ನು ಉಪನ್ಯಾಸಕರೇ ತರಗತಿಗೆ ಬಂದು ಎರಡೆರಡು ಸಲ ಹೇಳುತ್ತಿದ್ದರು. ಇಲ್ಲಿ ಅದೇ ವಿಷಯ ಕಾಲೇಜಿನ ಕಚೇರಿಯೆದುರಿನ ನೋಟಿಸ್ ಬೋರ್ಡಿನಲ್ಲಿ, ಹಳೆಯ ನಾಲ್ಕು ಹಾಳೆಗಳ ಮೇಲೆ ಅಂಟಿಸಿದ ಐದನೆಯ ಹಾಳೆಯಾಗಿ ಇರುತ್ತದೆ. ನೋಡಿದವರಿಗೆ ಗೊತ್ತಾಗುತ್ತದೆ, ನೋಡದವರನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಹೊಸದಾಗಿ ಸೇರಿದವರು ಮೊದಲ ಐದಾರು ವಾರಗಳಲ್ಲಿ ಏನೇನು ಮಾಡಿಕೊಳ್ಳಬೇಕು, ಏನೇನು ಎದುರಾಗುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲು: ನಿಮ್ಮ ವಿಶ್ವವಿದ್ಯಾಲಯ ಯಾವುದು?

ಈ ಪ್ರಶ್ನೆ ಹಾಸ್ಯದಂತೆ ಕಾಣಬಹುದು. ಆದರೆ ಹಾಸನ ನಗರವೊಂದರಲ್ಲೇ ಬೇರೆ ಬೇರೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ವಾಯತ್ತ ಸಂಸ್ಥೆಯಾಗಿ ತನ್ನ ಪರೀಕ್ಷೆಗಳನ್ನು ತಾನೇ ನಡೆಸಿದರೂ ಪದವಿ ಬರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ. ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯವರಿಗೆ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಪಶುವೈದ್ಯಕೀಯ ಕಾಲೇಜಿನವರಿಗೆ ದೂರದ ಬೀದರಿನ ವಿಶ್ವವಿದ್ಯಾಲಯ. ಬಿಎ, ಬಿಕಾಂ, ಬಿಎಸ್‌ಸಿ ಕಾಲೇಜುಗಳು ಬಹುಕಾಲ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಅದರ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯನ್ನೇ ನೆಲೆಯಾಗಿಸಿಕೊಂಡು 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಶುರುವಾಯಿತು. ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋದರೆ ಅಲ್ಲಿನ ಪದವಿ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತವೆ.

ಇದು ಏಕೆ ಮುಖ್ಯವೆಂದರೆ ಪರೀಕ್ಷೆಯ ವೇಳಾಪಟ್ಟಿ, ಶುಲ್ಕ ಕಟ್ಟುವ ಗಡುವು, ಮರುಮೌಲ್ಯಮಾಪನದ ನಿಯಮ, ಇವೆಲ್ಲ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಪಕ್ಕದ ಮನೆಯ ಅಕ್ಕನಿಗೆ ನಡೆದದ್ದು ನಿಮಗೂ ನಡೆಯುತ್ತದೆಂದು ನಂಬಿ ಕೂರಬಾರದು. ಅಕ್ಕ ಸೇರಿದಾಗ ಪದವಿ ನಾಲ್ಕು ವರ್ಷದ್ದಾಗಿದ್ದಿರಬಹುದು. 2021-22ರಲ್ಲಿ ರಾಜ್ಯದಲ್ಲಿ ಜಾರಿಯಾದ ಆ ಪದ್ಧತಿಯನ್ನು ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಗಿದೆ. ಆದ್ದರಿಂದ ಹಿರಿಯರ ನೋಟ್ಸ್ ಪಡೆಯುವ ಮುನ್ನ ಅವರ ಪಠ್ಯಕ್ರಮ ಯಾವ ವರ್ಷದ್ದೆಂದು ನೋಡಿ, ನಿಮ್ಮ ಪಠ್ಯಕ್ರಮದ ಪ್ರತಿಯನ್ನು ವಿಶ್ವವಿದ್ಯಾಲಯದ ಜಾಲತಾಣದಿಂದ ಇಳಿಸಿಕೊಂಡು ಮೊದಲ ಸೆಮಿಸ್ಟರಿನ ಹಾಳೆಗಳನ್ನಷ್ಟೇ ಜೆರಾಕ್ಸ್ ಮಾಡಿಸಿಟ್ಟುಕೊಳ್ಳಿ.

ಹೆಸರು, ಇನಿಷಿಯಲ್, ಬ್ಯಾಂಕ್ ಖಾತೆ

ಮೊದಲ ವಾರದ ಅತಿ ಮುಖ್ಯ ಕೆಲಸ ಪಾಠಕ್ಕೆ ಸಂಬಂಧಿಸಿದ್ದಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಈ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಹರಡಿ, ನಾಲ್ಕರಲ್ಲೂ ನಿಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅಕ್ಷರ ಅಕ್ಷರವಾಗಿ ಓದಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದಿದ್ದು ಆಧಾರಿನಲ್ಲಿ ಮುಂದಿರುತ್ತದೆ. ಒಂದರಲ್ಲಿ ಊರಿನ ಮೊದಲಕ್ಷರ ಬಂದಿರುತ್ತದೆ, ಇನ್ನೊಂದರಲ್ಲಿ ತಂದೆಯ ಪೂರ್ತಿ ಹೆಸರೇ ಇರುತ್ತದೆ. ಕವಿತಾ ಎಂಬ ಹೆಸರಿನ ‘ತಾ’ಗೆ ಒಂದು ಕಡೆ ‘ಎಚ್’ ಸೇರಿದ್ದು ಇನ್ನೊಂದು ಕಡೆ ಬಿಟ್ಟುಹೋಗಿರುತ್ತದೆ. ಕನ್ನಡದಲ್ಲಿ ಬರೆದರೆ ಯಾವ ವ್ಯತ್ಯಾಸವೂ ಕಾಣದ ಈ ಒಂದಕ್ಷರ, ಕಂಪ್ಯೂಟರಿನ ಪಾಲಿಗೆ ಎರಡು ಬೇರೆ ವ್ಯಕ್ತಿಗಳಾಗಿಬಿಡುತ್ತದೆ. ನನ್ನ ತರಗತಿಯಲ್ಲಿ ಚೆನ್ನಾಗಿ ಓದುತ್ತಿದ್ದ ಹುಡುಗಿಯೊಬ್ಬಳ ವಿದ್ಯಾರ್ಥಿವೇತನ ಇಡೀ ವರ್ಷ ನಿಂತುಹೋಗಲು ಇದೇ ಕಾರಣವಾಗಿತ್ತು; ಆಕೆಯ ತಂದೆ ಕೂಲಿ ಬಿಟ್ಟು ಮೂರು ಸಲ ಕಚೇರಿಗೆ ಅಲೆದ ಮೇಲಷ್ಟೇ ಅದು ಗೊತ್ತಾದದ್ದು. ತಿದ್ದುಪಡಿ ಬೇಕಿದ್ದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಸುಲಭದ ದಾರಿ.

ಹೆಸರು ಸರಿಯಾಯಿತೆಂದರೆ ಬ್ಯಾಂಕ್ ಖಾತೆ. ಎಸ್‌ಎಸ್‌ಪಿ ಎಂದೇ ಎಲ್ಲರೂ ಕರೆಯುವ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಹಾಕಿದಾಗ ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಖಾತೆಗಳು ಎರಡು ಮೂರಿದ್ದರೂ ಹಣ ಜಮೆಗೆಂದು ಆಧಾರ್ ಜೋಡಣೆಯಾಗಿರುವುದು ಒಂದಕ್ಕೆ ಮಾತ್ರ. ಹೈಸ್ಕೂಲಿನಲ್ಲಿ ಶಾಲೆಯವರೇ ತೆರೆಸಿಕೊಟ್ಟ ಖಾತೆಗೆ ಆಧಾರ್ ಜೋಡಿಸಿದ್ದು, ಆಮೇಲೆ ಎರಡು ವರ್ಷ ಯಾವ ವ್ಯವಹಾರವೂ ನಡೆಯದೆ ಅದು ನಿಷ್ಕ್ರಿಯವಾಗಿರುವುದು ಹಳ್ಳಿಯ ಮಕ್ಕಳಲ್ಲಿ ತೀರ ಸಾಮಾನ್ಯ. ಬ್ಯಾಂಕಿಗೆ ಹೋಗಿ, ‘ನನ್ನ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ, ಅದು ಚಾಲ್ತಿಯಲ್ಲಿದೆಯೇ?’ ಎಂದು ಕೇಳಬೇಕು; ‘ಖಾತೆ ಇದೆಯೇ?’ ಎಂದು ಕೇಳಿದರೆ ಇದೆ ಎಂಬ ಉತ್ತರವೇ ಬರುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಪಡೆಯುವಾಗ ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಫೋನಿನಲ್ಲಲ್ಲದೆ ಒಂದು ಪುಸ್ತಕದಲ್ಲೂ ಬರೆದಿಡಿ. ಮುಂದೆ ವಿದ್ಯಾರ್ಥಿವೇತನ, ಹಾಸ್ಟೆಲ್, ಶುಲ್ಕ ವಿನಾಯಿತಿ ಎಲ್ಲಕ್ಕೂ ಅದನ್ನೇ ಕೇಳುತ್ತಾರೆ.

ಪ್ರವೇಶದಿಂದ ಫಲಿತಾಂಶದವರೆಗಿನ ವ್ಯವಹಾರ ಈಗ ರಾಜ್ಯದ ಬಹುತೇಕ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳಲ್ಲಿ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದ ಮೂಲಕ ನಡೆಯುತ್ತದೆ. ಅದರ ಲಾಗಿನ್ ಮತ್ತು ಪಾಸ್‌ವರ್ಡನ್ನು ಸೈಬರ್ ಸೆಂಟರಿನವರ ಫೋನ್ ಸಂಖ್ಯೆಗೆ ಕಟ್ಟಿಹಾಕಬೇಡಿ. ಆರು ತಿಂಗಳ ನಂತರ ಒಟಿಪಿ ಅವರ ಫೋನಿಗೆ ಹೋಗಿ, ಅಂಗಡಿ ಬಾಗಿಲು ಹಾಕಿದ್ದ ದಿನವೇ ಶುಲ್ಕ ಕಟ್ಟುವ ಕೊನೆಯ ದಿನವಾಗಿದ್ದರೆ ಪಡುವ ಪಾಡು ಬೇಡ. ಪಾಸಾದ ವಿಷಯಗಳಿಗೆ ಸಿಗುವ ಕ್ರೆಡಿಟ್‌ಗಳನ್ನು ಜಮೆ ಮಾಡುವ ಎಬಿಸಿ ಅಥವಾ ಅಪಾರ್ ಎಂಬ 12 ಅಂಕೆಗಳ ಗುರುತನ್ನು ಡಿಜಿಲಾಕರ್ ಮೂಲಕ ಮಾಡಿಕೊಳ್ಳಬಹುದು. ಹತ್ತು ನಿಮಿಷದ ಕೆಲಸ.

ಬಸ್ಸು ಮತ್ತು ಹಾಜರಾತಿ: ಎರಡೂ ಒಂದೇ ಲೆಕ್ಕ

ಆಲೂರು, ಬೇಲೂರು, ಹೊಳೆನರಸೀಪುರ, ಅರಕಲಗೂಡು ಕಡೆಯಿಂದ ದಿನವೂ ಓಡಾಡುವವರೇ ಇಲ್ಲಿನ ತರಗತಿಗಳಲ್ಲಿ ಬಹಳ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ; ಗಂಡುಮಕ್ಕಳು ರಿಯಾಯಿತಿ ಪಾಸಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು. ಪಾಸು ಕೈಗೆ ಬರುವವರೆಗೆ ಕೆಲವು ದಿನ ಕೈಯಿಂದಲೇ ಟಿಕೆಟ್ ತೆಗೆಯಬೇಕಾಗುವುದರಿಂದ ಆ ಖರ್ಚನ್ನು ಮನೆಯಲ್ಲಿ ಮೊದಲೇ ಹೇಳಿಡುವುದು ಒಳ್ಳೆಯದು. ಬೇಲೂರಿನಲ್ಲೇ ತುಂಬಿ ಹೊರಟ ಬಸ್ಸಿಗೆ ಹಗರೆಯಲ್ಲಿ ಹತ್ತಲು ಜಾಗವಿಲ್ಲದಿದ್ದಾಗ ತಪ್ಪುವುದು ಯಾವಾಗಲೂ ಮೊದಲ ಪಿರಿಯಡ್ಡೇ.

ಇಲ್ಲಿಯೇ ಹಾಜರಾತಿಯ ಲೆಕ್ಕ ಬರುತ್ತದೆ. ಸಾಮಾನ್ಯವಾಗಿ ಪ್ರತಿ ವಿಷಯದಲ್ಲೂ ಶೇ 75ರಷ್ಟು ಹಾಜರಾತಿ ಕಡ್ಡಾಯ, ಅದೂ ಒಟ್ಟು ಸೇರಿಸಿಯಲ್ಲ, ವಿಷಯವಾರು. ವಾರಕ್ಕೆ ನಾಲ್ಕು ತರಗತಿಯಂತೆ 16 ವಾರ ನಡೆದರೆ ಒಂದು ವಿಷಯಕ್ಕೆ 64 ತರಗತಿಗಳಾಗುತ್ತವೆ. ಅದರಲ್ಲಿ 48ಕ್ಕೆ ಹಾಜರಿರಲೇಬೇಕು, ಅಂದರೆ ತಪ್ಪಿಸಿಕೊಳ್ಳಲು ಇರುವ ಅವಕಾಶ 16. ಮೊದಲ ಪಿರಿಯಡ್ಡಿನ ಅದೇ ವಿಷಯ ವಾರಕ್ಕೆರಡು ಸಲ ಬಸ್ಸಿನಿಂದಾಗಿ ತಪ್ಪಿದರೆ ಎಂಟೇ ವಾರದಲ್ಲಿ ಆ ಹದಿನಾರೂ ಮುಗಿದುಹೋಗುತ್ತವೆ. ಉಳಿದ ವಿಷಯಗಳಲ್ಲಿ ನೂರಕ್ಕೆ ನೂರು ಇದ್ದರೂ ಈ ಒಂದರಲ್ಲಿ ‘ಶಾರ್ಟೇಜ್’ ಪಟ್ಟಿಗೆ ಹೆಸರು ಬೀಳುತ್ತದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಗುಡ್ಡ ಕುಸಿದು ರಸ್ತೆ ನಿಂತ ದಿನಗಳು, ಮನೆಯ ಮದುವೆ, ಜ್ವರ, ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆದಾಗಿನ ಜನಸಂದಣಿ, ಇವೆಲ್ಲವನ್ನೂ ಈ ಹದಿನಾರರಲ್ಲೇ ನಿಭಾಯಿಸಬೇಕು. ಅದಕ್ಕೇ ಆಗಸ್ಟಿನಲ್ಲೇ ತರಗತಿ ಬಿಟ್ಟು ಕ್ಯಾಂಟೀನಿನಲ್ಲಿ ಕೂರುವವರನ್ನು ಕಂಡರೆ ನನಗೆ ಕೋಪಕ್ಕಿಂತ ಕನಿಕರವೇ ಹೆಚ್ಚು. ಬಸ್ಸಿನ ತೊಂದರೆ ನಿಜವಾಗಿದ್ದರೆ ಮೊದಲ ವಾರವೇ ಆ ಪಿರಿಯಡ್ಡಿನ ಅಧ್ಯಾಪಕರನ್ನು ಸ್ಟಾಫ್ ರೂಮಿನಲ್ಲಿ ಕಂಡು, ಯಾವ ಊರು, ಯಾವ ಬಸ್ಸು ಎಂದು ತಿಳಿಸಿಡಿ. ಡಿಸೆಂಬರಿನಲ್ಲಿ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಹಾಸ್ಟೆಲ್ ಬಯಸುವವರು ಹಿಂದುಳಿದ ವರ್ಗಗಳ ಇಲಾಖೆಯ, ಅಂದರೆ ಜನರ ಬಾಯಲ್ಲಿ ಬಿಸಿಎಂ, ಮತ್ತು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಆನ್‌ಲೈನಿನಲ್ಲಿಯೇ ಅರ್ಜಿ ಸಲ್ಲಿಸಬೇಕು. ಮೊದಲ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಸೆ ಬಿಡಬೇಕಿಲ್ಲ, ಮುಂದಿನ ಪಟ್ಟಿಗಳನ್ನು ಗಮನಿಸುತ್ತಿರಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ, ವಸತಿಯ ನೆರವಿಗೆಂದೇ ವಿದ್ಯಾಸಿರಿ ಯೋಜನೆಯಿದೆ.

ತರಗತಿಯೊಳಗೆ

ಪಾಠದ ರೀತಿಯೂ ಬೇರೆ. ಪಿಯುವಿನಲ್ಲಿ ಒಂದು ಪಠ್ಯಪುಸ್ತಕವಿತ್ತು, ಅದರ ಹೊರಗೆ ಪ್ರಶ್ನೆ ಬರುತ್ತಿರಲಿಲ್ಲ. ಇಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಪಠ್ಯಪುಸ್ತಕವೆಂಬುದು ಹೆಚ್ಚಾಗಿ ಇರುವುದಿಲ್ಲ. ಘಟಕಗಳ ಪಟ್ಟಿ, ಕೊನೆಯಲ್ಲಿ ಐದಾರು ಪರಾಮರ್ಶನ ಗ್ರಂಥಗಳ ಹೆಸರು, ಅಷ್ಟೇ. ಪ್ರತಿ ಘಟಕಕ್ಕೆ ಲೈಬ್ರರಿಯಲ್ಲಿರುವ ಒಂದೊಂದು ಪುಸ್ತಕವನ್ನು ಗುರುತಿಸಿಟ್ಟುಕೊಂಡವರಿಗೆ ಪರೀಕ್ಷೆಯ ಹಿಂದಿನ ವಾರ ಗೈಡಿಗಾಗಿ ಪುಸ್ತಕದಂಗಡಿ ಸುತ್ತುವ ಕೆಲಸವಿರುವುದಿಲ್ಲ. ಲೈಬ್ರರಿ ಕಾರ್ಡನ್ನು ಮೊದಲ ವಾರವೇ ಮಾಡಿಸಿ. ತಡಮಾಡಿದರೆ ಕನ್ನಡದಲ್ಲಿರುವ ಒಳ್ಳೆಯ ಪುಸ್ತಕಗಳೆಲ್ಲ ಆಗಲೇ ಯಾರದೋ ಕೈಸೇರಿರುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಬಿಎಸ್‌ಸಿ ಅಥವಾ ಬಿಕಾಂ ಸೇರಿದವರಿಗೆ ಮೊದಲ ತಿಂಗಳು ಕಿವಿಗೆ ಹತ್ತಿ ತುರುಕಿದಂತಾಗುವುದು ಸಹಜ. ಪಾಠ ಅರ್ಥವಾಗದಿರುವುದು ಬುದ್ಧಿಯ ಕೊರತೆಯಿಂದಲ್ಲ, ಬಹುಮಟ್ಟಿಗೆ ಇಪ್ಪತ್ತು ಮೂವತ್ತು ಪದಗಳ ಕೊರತೆಯಿಂದ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಎರಡು ಅಂಕಣ ಮಾಡಿ, ಎಡಗಡೆ ‘ಡೆಪ್ರಿಸಿಯೇಷನ್’, ಬಲಗಡೆ ‘ಸವಕಳಿ’. ಎಡಗಡೆ ‘ವೆಲಾಸಿಟಿ’, ಬಲಗಡೆ ‘ವೇಗ’ ಎಂದು ದಿನಕ್ಕೆ ನಾಲ್ಕೈದು ಪದ ಬರೆದುಕೊಂಡು ಹೋದ ವಿದ್ಯಾರ್ಥಿಗಳು ದಸರಾ ರಜೆಯ ಹೊತ್ತಿಗೆ ಪಾಠದ ಜೊತೆ ನಡೆಯತೊಡಗಿದ್ದನ್ನು ನಾನು ಕಂಡಿದ್ದೇನೆ. ಇಂಗ್ಲಿಷ್ ಮಾಧ್ಯಮದ ಕೋರ್ಸ್ ಆಗಿದ್ದರೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಬಿಡಬೇಕೆಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿತ್ತು. ನಿಮ್ಮ ವಿಷಯದಲ್ಲಿ ಕನ್ನಡದಲ್ಲಿ ಉತ್ತರಿಸಬಹುದೇ ಎಂಬುದನ್ನು ವಿಭಾಗದ ಮುಖ್ಯಸ್ಥರಿಂದ ಆರಂಭದಲ್ಲೇ ತಿಳಿದುಕೊಳ್ಳಿ. ಓದುವ ಕ್ರಮವನ್ನೇ ಅದು ನಿರ್ಧರಿಸುತ್ತದೆ.

ರ‍್ಯಾಗಿಂಗ್ ಬಗ್ಗೆ ಎರಡು ಮಾತು ಸಾಕು. ಹೆಸರು ಕೇಳಿ, ಊರು ಕೇಳಿ, ಒಂದು ಹಾಡು ಹೇಳಿಸುವಲ್ಲಿಗೆ ನಿಂತಂತೆ ಕಂಡದ್ದೂ ಒತ್ತಾಯದಿಂದ ನಡೆದರೆ ಅಪರಾಧವೇ. ಯುಜಿಸಿಯ 2009ರ ನಿಯಮಗಳ ಪ್ರಕಾರ ವಿದ್ಯಾರ್ಥಿಯೂ ಪೋಷಕರೂ ಮುಚ್ಚಳಿಕೆ ಬರೆದುಕೊಡಬೇಕು, ಕಾಲೇಜಿನಲ್ಲಿ ಇದಕ್ಕೆಂದೇ ಸಮಿತಿ ಇರಬೇಕು. ದಿನದ 24 ಗಂಟೆಯೂ ಕೆಲಸ ಮಾಡುವ ಉಚಿತ ಸಹಾಯವಾಣಿ 1800-180-5522.

ಐಎ, ಹಾಲ್ ಟಿಕೆಟ್, ಪರೀಕ್ಷೆ

ಆಂತರಿಕ ಮೌಲ್ಯಮಾಪನವನ್ನು, ಅಂದರೆ ಐಎ ಅಂಕಗಳನ್ನು, ‘ಹೇಗಿದ್ದರೂ ಕೊಡುತ್ತಾರೆ’ ಎಂದು ಹಗುರವಾಗಿ ಕಾಣುವವರಿದ್ದಾರೆ. ಟೆಸ್ಟ್, ಅಸೈನ್‌ಮೆಂಟ್, ಸೆಮಿನಾರ್‌ಗಳಿಗೆ ಹಂಚಿಹೋಗುವ ಈ ಅಂಕಗಳನ್ನು ಒಮ್ಮೆ ತಂತ್ರಾಂಶಕ್ಕೆ ಏರಿಸಿದ ಮೇಲೆ ಬದಲಿಸುವುದು ಅಧ್ಯಾಪಕರ ಕೈಯಲ್ಲೂ ಇರುವುದಿಲ್ಲ. ಏರಿಸುವ ಮುನ್ನ ಪಟ್ಟಿಯನ್ನು ತರಗತಿಯಲ್ಲಿ ತೋರಿಸಿ ಸಹಿ ಪಡೆಯುವ ದಿನ ತಪ್ಪದೆ ಹಾಜರಿದ್ದು, ನಿಮ್ಮ ನೋಂದಣಿ ಸಂಖ್ಯೆಯೆದುರಿನ ಅಂಕ ನಿಮ್ಮದೇ ಹೌದೇ ಎಂದು ನೋಡಿಯೇ ಸಹಿ ಹಾಕಿ. ಪ್ರಾಯೋಗಿಕ ತರಗತಿಯಿರುವವರು ರೆಕಾರ್ಡ್ ಪುಸ್ತಕಕ್ಕೆ ಆಯಾ ವಾರವೇ ಸಹಿ ಮಾಡಿಸಿಕೊಳ್ಳಬೇಕು. ಹನ್ನೆರಡು ಪ್ರಯೋಗಗಳನ್ನು ಒಂದೇ ರಾತ್ರಿ ನಕಲು ಮಾಡಿ ತಂದ ರೆಕಾರ್ಡನ್ನು ಶಾಯಿಯ ಬಣ್ಣ ನೋಡಿಯೇ ಅಧ್ಯಾಪಕರು ಗುರುತಿಸುತ್ತಾರೆ.

ಹಾಲ್ ಟಿಕೆಟ್ ಬಂದ ತಕ್ಷಣ ನೋಡಬೇಕಾದದ್ದು ಭಾವಚಿತ್ರವನ್ನಲ್ಲ, ವಿಷಯಗಳ ಸಂಕೇತ ಸಂಖ್ಯೆಗಳನ್ನು. ಐಚ್ಛಿಕ ವಿಷಯ ಬದಲಿಸಿಕೊಂಡವರ ಟಿಕೆಟ್ಟಿನಲ್ಲಿ ಹಳೆಯ ವಿಷಯವೇ ಉಳಿದಿರುವುದುಂಟು, ಅದನ್ನು ಪರೀಕ್ಷೆಗೆ ಮುಂಚೆಯಷ್ಟೇ ಸರಿಪಡಿಸಲು ಸಾಧ್ಯ. ಫಲಿತಾಂಶ ಬಂದು ಒಂದು ವಿಷಯ ಹೋದರೆ ಅದನ್ನು ಮುಂದೆ ಕಟ್ಟಿ ಬರೆಯಬಹುದು. ಅಂಕ ಕಡಿಮೆಯೆನ್ನಿಸಿದರೆ ಮೊದಲು ಉತ್ತರಪತ್ರಿಕೆಯ ನಕಲು ಪ್ರತಿ ತರಿಸಿ, ಅದನ್ನು ವಿಷಯದ ಅಧ್ಯಾಪಕರಿಗೆ ತೋರಿಸಿ, ಅವರು ಹೌದೆಂದರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಣ ಕಟ್ಟಿ. ಅರ್ಜಿಯ ಗಡುವು ಚಿಕ್ಕದಾಗಿರುವುದರಿಂದ ಫಲಿತಾಂಶದ ವಾರದಲ್ಲಿ ದಿನವೂ ಜಾಲತಾಣ ನೋಡಬೇಕಾಗುತ್ತದೆ.

ಇನ್ನೊಂದು, ತೋಟ ಮತ್ತು ಹೊಲ ಇರುವ ಮನೆಯವರಿಗೆ. ಜುಲೈ, ಆಗಸ್ಟಿನಲ್ಲಿ ತರಗತಿ ಆರಂಭವಾದರೆ ಮೊದಲ ಸೆಮಿಸ್ಟರಿನ ಪರೀಕ್ಷೆ ಬರುವುದು ಡಿಸೆಂಬರ್, ಜನವರಿಯ ಸುಮಾರಿಗೆ. ಬಯಲಿನಲ್ಲಿ ರಾಗಿ ಕಣಕ್ಕೆ ಬರುವುದೂ ಸಕಲೇಶಪುರ, ಮೂಡಿಗೆರೆಯ ಕಡೆ ಕಾಫಿ ಕುಯ್ಲು ನಡೆಯುವುದೂ ಅದೇ ಹೊತ್ತಿಗೆ. ಆಳು ಸಿಗದ ಮನೆಯಲ್ಲಿ ಮಕ್ಕಳು ಕೈಜೋಡಿಸುವುದು ತಪ್ಪಲ್ಲ, ತಪ್ಪಿಸಲೂ ಆಗುವುದಿಲ್ಲ. ಅದಕ್ಕಾಗಿ ವೇಳಾಪಟ್ಟಿ ಪ್ರಕಟವಾದ ದಿನವೇ ಅದರದೊಂದು ಪ್ರತಿಯನ್ನು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿ, ಪರೀಕ್ಷೆಯ ದಿನಗಳಿಗೂ ಅವುಗಳ ಹಿಂದಿನ ದಿನಗಳಿಗೂ ಕೆಂಪು ಗೆರೆ ಎಳೆದು, ಆಳುಗಳನ್ನು ಗೊತ್ತುಮಾಡುವ ಮುನ್ನ ಅಪ್ಪ, ಅಮ್ಮನಿಗೆ ಒಮ್ಮೆ ತೋರಿಸಿಡಿ.