ಕಾಲೇಜಿನ ಮೊದಲ ಎರಡು ರಾತ್ರಿಗಳಿಗೆ ನಾನು ಸಿದ್ಧಳಾದ ಬಗೆ

ಧಾರವಾಡದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸೀಟು ಸಿಕ್ಕ ಮೇಲೆ ನನ್ನ ಕೈಸೇರಿದ ಸೂಚನಾ ಪತ್ರದಲ್ಲಿ, ಪರಿಚಯ ಕಾರ್ಯಕ್ರಮದ ಮೊದಲ ಎರಡು ರಾತ್ರಿ ಹೊಸ ವಿದ್ಯಾರ್ಥಿಗಳೆಲ್ಲರೂ, ಮುಂದೆ ಮನೆಯಿಂದಲೇ ಓಡಾಡುವವರೂ ಸೇರಿ, ಹಾಸ್ಟೆಲ್‌ನಲ್ಲಿ ಉಳಿಯಬೇಕು ಎಂಬ ಒಂದು ಸಾಲಿತ್ತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ತರಗತಿಗಳಿಗೆ ಮೊದಲು ಮೂರು ವಾರಗಳ ಪರಿಚಯ ಕಾರ್ಯಕ್ರಮ ನಡೆಸಬೇಕೆಂದು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಹೇಳಿದೆ. ಅದನ್ನು ನಡೆಸುವ ರೀತಿ ಮಾತ್ರ ಕಾಲೇಜಿನಿಂದ ಕಾಲೇಜಿಗೆ ಬೇರೆ. ರೋಣ ತಾಲ್ಲೂಕಿನ ನಮ್ಮ ಊರು ಬಿಟ್ಟು, ಅಜ್ಜಿಯ ಮನೆಯೊಂದನ್ನುಳಿದು, ನಾನು ಎಲ್ಲಿಯೂ ಅವ್ವನಿಲ್ಲದೆ ಮಲಗಿದವಳಲ್ಲ. ಹಗಲಿನ ಕಾರ್ಯಕ್ರಮಗಳ ಬಗ್ಗೆ ನನಗೆ ಭಯವಿರಲಿಲ್ಲ. ಗೊತ್ತಿಲ್ಲದವರ ನಡುವೆ, ಗೊತ್ತಿಲ್ಲದ ಕೋಣೆಯಲ್ಲಿ ಕಳೆಯಬೇಕಾದ ರಾತ್ರಿಯ ಭಯವಿತ್ತು.

ಏನೇನು ಒಯ್ಯಬೇಕು ಎಂದು ಕೇಳಿದಾಗ ಒಬ್ಬೊಬ್ಬರು ಒಂದೊಂದು ಪಟ್ಟಿ ಹೇಳಿದರು. ಗದಗಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದಿದ ನಮ್ಮ ಓಣಿಯ ಅಕ್ಕ ಒಬ್ಬರು ಮಾತ್ರ ಬೇರೆ ಮಾತು ಹೇಳಿದರು: "ಪಟ್ಟಿ ಬರಕೋತ ಕುಂದರಬ್ಯಾಡ. ಚೀಲಾ ತುಂಬು, ಒಂದ್ ರಾತ್ರಿ ಮನ್ಯಾಗ ಆ ಚೀಲದಾಗಿನ ಸಾಮಾನಿನ ಮ್ಯಾಲಽ ಇದ್ದು ನೋಡು." ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಹೊರಡುವುದಕ್ಕೆ ಮೂರು ದಿನ ಮೊದಲು, ಸಂಜೆ ಆರು ಗಂಟೆಯಿಂದ ಮರುದಿನ ಬೆಳಿಗ್ಗೆ ಒಂಬತ್ತರವರೆಗೆ, ಪಡಸಾಲೆಯ ಒಂದು ಮೂಲೆಯಲ್ಲಿ ಚೀಲವಿಟ್ಟುಕೊಂಡು, ಮನೆಯ ಬೇರೆ ಯಾವ ವಸ್ತುವನ್ನೂ ಮುಟ್ಟದೆ ಇದ್ದೆ. ಅಪ್ಪನಿಗೆ ಇದು ವಿಚಿತ್ರವೆನಿಸಿತು; "ಮನ್ಯಾಗಿದ್ದು ಪರ ಊರಾಗ ಇದ್ದಂಗ ಮಾಡಾಕತ್ತೀಯಲ್ಲಬೇ" ಎಂದರು. ಅವ್ವ ಏನೂ ಅನ್ನಲಿಲ್ಲ, ಆದರೆ ರಾತ್ರಿ ಎರಡು ಸಲ ಎದ್ದು ಬಂದು ನನ್ನನ್ನು ನೋಡಿ ಹೋದದ್ದು ನನಗೆ ಗೊತ್ತಾಯಿತು.

ಆ ಒಂದು ರಾತ್ರಿ ಕಲಿಸಿದಷ್ಟನ್ನು ಯಾವ ಪಟ್ಟಿಯೂ ಕಲಿಸುತ್ತಿರಲಿಲ್ಲ. ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡಿದ್ದೆ, ಪೇಸ್ಟ್ ಇರಲಿಲ್ಲ. ಸಾಬೂನು ಇತ್ತು, ಒದ್ದೆ ಸಾಬೂನನ್ನು ಇಡಲು ಡಬ್ಬಿ ಇರಲಿಲ್ಲ. ಇವು ಸಣ್ಣ ಮರೆವುಗಳು. ಅಂಗಡಿಯಲ್ಲಿ ಕೊಂಡರೆ ಮುಗಿಯಿತು. ಅದಕ್ಕಿಂತ ಮುಖ್ಯವಾಗಿ ತಿಳಿದದ್ದು ವಸ್ತುಗಳನ್ನು ಇಡುವ ಕ್ರಮ. ನಡುರಾತ್ರಿ ಬಚ್ಚಲಿಗೆ ಹೋಗಬೇಕಾದಾಗ ಬ್ಯಾಟರಿ ಚೀಲದ ತಳದಲ್ಲಿತ್ತು, ಅದನ್ನು ತೆಗೆಯಲು ಕತ್ತಲೆಯಲ್ಲಿ ಅರ್ಧ ಚೀಲವನ್ನು ಹೊರಗೆ ಸುರಿಯಬೇಕಾಯಿತು. ಇದೇ ಕೆಲಸವನ್ನು ಏಳೆಂಟು ಮಂದಿ ಮಲಗಿರುವ ಕೋಣೆಯಲ್ಲಿ ಮಾಡುವುದು ಹೇಗೆ ಎಂದು ಯೋಚಿಸಿ, ಮರುದಿನ ಬಟ್ಟೆಯ ಚಿಕ್ಕ ಕೈಚೀಲವೊಂದನ್ನು 'ರಾತ್ರಿಯ ಚೀಲ'ವೆಂದು ಗೊತ್ತುಮಾಡಿದೆ. ಬ್ಯಾಟರಿ, ನೀರಿನ ಬಾಟಲಿ, ತಲೆನೋವಿನ ಮತ್ತು ಜ್ವರದ ಮಾತ್ರೆ, ಮುಟ್ಟಿನ ಪ್ಯಾಡುಗಳು, ಒಂದು ಜೊತೆ ಒಳಉಡುಪು, ಚಿಕ್ಕ ಟವೆಲ್, ಕೀಲಿಕೈ: ಇಷ್ಟೇ ಅದರಲ್ಲಿ. ಮಲಗುವಾಗ ಅದು ದಿಂಬಿನ ಪಕ್ಕದಲ್ಲಿರಬೇಕು. ಮುಟ್ಟಿನ ದಿನ ಇನ್ನೂ ಹತ್ತು ದಿನ ದೂರವಿದ್ದರೂ ಪ್ಯಾಡುಗಳನ್ನು ಇಟ್ಟುಕೊಂಡೆ. ಮನಸ್ಸಿಗೆ ಒತ್ತಡವಾದಾಗ ದಿನಗಳು ಹಿಂದುಮುಂದಾಗುತ್ತವೆ ಎಂಬುದು ಪಿಯುಸಿ ಪರೀಕ್ಷೆಯ ಸಮಯದಲ್ಲಿಯೇ ನನ್ನ ಅನುಭವಕ್ಕೆ ಬಂದಿತ್ತು. ಹೊಸ ಹುಡುಗಿಯರು ಕೇಳಲು ಸಂಕೋಚಪಡುವ ವಸ್ತು ಇದೇ ಆಗಿರುವುದರಿಂದ ಇಲ್ಲಿ ಸ್ಪಷ್ಟವಾಗಿ ಬರೆಯುತ್ತಿದ್ದೇನೆ.

ಕೌದಿಯ ವಿಷಯದಲ್ಲಿ ಅವ್ವನಿಗೂ ನನಗೂ ಅಭಿಪ್ರಾಯ ಕೂಡಲಿಲ್ಲ. ಹಳೆಯ ಸೀರೆಗಳನ್ನು ಜೋಡಿಸಿ ಅಜ್ಜಿ ಹೊಲಿದ ಕೌದಿಯನ್ನು ಒಯ್ಯಲೇಬೇಕೆಂದು ಅವ್ವ ಹಟ ಹಿಡಿದರು. ಅದನ್ನು ಮಡಚಿಟ್ಟರೆ ಚೀಲದ ಮುಕ್ಕಾಲು ಭಾಗ ಅದೇ ತುಂಬುತ್ತಿತ್ತು, ಮೇಲಾಗಿ ಒದ್ದೆಯಾದರೆ ಬೇಗ ಒಣಗುವುದಿಲ್ಲ. ಎರಡೇ ರಾತ್ರಿಗೆ ಚಾದರ ಸಾಕೆಂದು ನಾನು ವಾದಿಸಿ ಗೆದ್ದೆ.

ಕಾಗದಪತ್ರಗಳಿಗಾಗಿ ನಾನು ಖರ್ಚುಮಾಡಿದ ಸಮಯ ಬಟ್ಟೆಬರೆಗಿಂತ ಹೆಚ್ಚು, ಮತ್ತು ಅದು ಸರಿಯೇ ಆಗಿತ್ತು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಪ್ರವೇಶ ಆದೇಶ ಪತ್ರ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿಯಿರುವ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ವರ್ಗಾವಣೆ ಪತ್ರ, ಆಧಾರ್: ಪ್ರತಿಯೊಂದರ ಮೂರು ಜೆರಾಕ್ಸ್ ಮಾಡಿಸಿ, ಮೂಲಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಫೈಲಿನಲ್ಲಿಯೂ ಜೆರಾಕ್ಸ್‌ಗಳನ್ನು ಇನ್ನೊಂದರಲ್ಲಿಯೂ ಇಟ್ಟೆ. ರ‍್ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2009ರಲ್ಲಿ ಮಾಡಿದ ನಿಯಮಗಳ ಪ್ರಕಾರ ವಿದ್ಯಾರ್ಥಿಯೂ ಪಾಲಕರೂ ಬೇರೆಬೇರೆಯಾಗಿ ಬರೆದುಕೊಡಬೇಕಾದ ಮುಚ್ಚಳಿಕೆ ಪತ್ರವನ್ನು ಊರಿನಲ್ಲಿಯೇ ಭರ್ತಿಮಾಡಿ ಅಪ್ಪನ ಸಹಿ ಮಾಡಿಸಿಕೊಂಡೆ. ಕೌಂಟರಿನ ಮುಂದೆ ನಿಂತು ಅವಸರದಲ್ಲಿ ಓದದೆ ಸಹಿ ಹಾಕುವ ಕಾಗದ ಅದಲ್ಲ. ರ‍್ಯಾಗಿಂಗ್ ತಡೆಯುವ ಸಹಾಯವಾಣಿಯ ಸಂಖ್ಯೆ 1800-180-5522, ಹಗಲೂ ರಾತ್ರಿಯೂ ತೆರೆದಿರುತ್ತದೆ. ಅದನ್ನೂ ಮನೆಯ ಮೂರು ಸಂಖ್ಯೆಗಳನ್ನೂ ಒಂದು ಚೀಟಿಯಲ್ಲಿ ಬರೆದು ರಾತ್ರಿಯ ಚೀಲದಲ್ಲಿಟ್ಟೆ. ಎಲ್ಲ ಕಾಗದಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಅದರದೂ ಎರಡು ಪ್ರತಿ ಮಾಡಿಕೊಂಡದ್ದು ಮುಂದೆ ಬಹಳ ಉಪಯೋಗಕ್ಕೆ ಬಂತು.

ತಿನಿಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ ಮತ್ತು ನಾಲ್ಕು ಉಂಡಿ ಸಾಕಾದವು. ಅಗಸಿ ಹಿಂಡಿಯನ್ನೂ ಕಟ್ಟಿಕೊಂಡಿದ್ದೆ, ಆದರೆ ಮೊಸರಾಗಲಿ ಎಣ್ಣೆಯಾಗಲಿ ಇಲ್ಲದೆ ಅದು ಗಂಟಲಲ್ಲಿ ಇಳಿಯುವುದಿಲ್ಲ ಎಂಬುದನ್ನು ಯೋಚಿಸಿರಲಿಲ್ಲ.

ಹೊರಟ ದಿನ ಅಪ್ಪ, ಅವ್ವ ಇಬ್ಬರೂ ಬಂದರು. ಗದಗಿನಿಂದ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿಯವರೆಗೆ ಸಾರಿಗೆ ಬಸ್ಸು, ಅಲ್ಲಿಂದ ಧಾರವಾಡದ ಕಡೆಗೆ ಚಿಗರಿ, ಅಂದರೆ ಎರಡೂ ಊರುಗಳ ನಡುವೆ ತನ್ನದೇ ಪ್ರತ್ಯೇಕ ಪಥದಲ್ಲಿ ಓಡುವ ಬಸ್ಸು. ಮೊದಲ ಬಸ್ಸಿನಲ್ಲಿ ಅವ್ವನಿಗೂ ನನಗೂ ಶಕ್ತಿ ಯೋಜನೆಯಿಂದಾಗಿ ಟಿಕೆಟ್ಟಿನ ಖರ್ಚಿರಲಿಲ್ಲ, ಆದರೆ ತೋರಿಸಬೇಕಾದ ಆಧಾರ್ ಕಾರ್ಡನ್ನು ನಾನು ಮೂಲಪ್ರತಿಗಳ ಫೈಲಿನಲ್ಲಿಟ್ಟಿದ್ದರಿಂದ ತುಂಬಿದ ಬಸ್ಸಿನಲ್ಲಿ ಆ ಫೈಲನ್ನೇ ಬಿಚ್ಚಬೇಕಾಯಿತು. ಆಧಾರ್ ಪ್ರಯಾಣದ ದಿನ ಕೈಗೆ ಸಿಗುವಲ್ಲಿ ಬೇರೆಯಾಗಿ ಇರಬೇಕು. ಚಿಗರಿಯ ನಿಲ್ದಾಣಗಳು ರಸ್ತೆಯ ನಡುವೆ ಇರುವುದರಿಂದ ಇಳಿದ ಮೇಲೆ ಸಾಮಾನು ಹೊತ್ತು ರಸ್ತೆ ದಾಟಲೇಬೇಕು. ಟ್ರಂಕು ಬೇಡ, ಬೆನ್ನಿಗೆ ಹಾಕಿಕೊಳ್ಳುವ ಒಂದೇ ಚೀಲ ಇರಲಿ ಎಂದು ನಿರ್ಧರಿಸಿದ್ದು ಎಷ್ಟು ಒಳ್ಳೆಯದಾಯಿತೆಂದು ಆ ರಸ್ತೆ ದಾಟುವಾಗ ತಿಳಿಯಿತು.

ಕೌಂಟರಿನಲ್ಲಿ ಒಂದು ತೊಡಕಾಯಿತು. ನನ್ನ ಎಲ್ಲ ಮೂಲಪ್ರತಿಗಳನ್ನು ತೆಗೆದುಕೊಂಡು, ಯಾವ ಸ್ವೀಕೃತಿಯನ್ನೂ ಕೊಡದೆ, "ಆಮೇಲೆ ಬಂದು ಒಯ್ಯಿರಿ" ಎಂದರು. ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕು, ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲಿ ಸ್ಪಷ್ಟಪಡಿಸಿದೆ ಎಂದು ನಮ್ಮ ಪಿಯುಸಿ ಉಪನ್ಯಾಸಕರು ಹೇಳಿ ಕಳಿಸಿದ್ದರು. ಅದನ್ನು ವಾದವಾಗಿ ಹೇಳುವ ಧೈರ್ಯ ನನಗಿರಲಿಲ್ಲ. ಬರೆದಿಟ್ಟ ಹಾಳೆಯ ಎರಡು ಪ್ರತಿ ತೆಗೆದು, "ಸರ್, ಇದರ ಮ್ಯಾಲೆ ಒಂದು ಸಹಿ ಮಾಡಿಕೊಡ್ರಿ, ಮನ್ಯಾಗ ಕೇಳ್ತಾರ್ರಿ" ಎಂದೆ. ಅವರು ಹಾಳೆಯನ್ನು ಒಮ್ಮೆ ಓದಿ, ಸಹಿಮಾಡುವ ಬದಲು ಅಲ್ಲಿಯೇ ಪರಿಶೀಲಿಸಿ, ವರ್ಗಾವಣೆ ಪತ್ರವೊಂದನ್ನು ಇಟ್ಟುಕೊಂಡು ಉಳಿದುದನ್ನೆಲ್ಲ ಮರಳಿ ಕೊಟ್ಟರು. ನನ್ನ ಹಿಂದೆ ನಿಂತಿದ್ದ ಹಾವೇರಿಯ ಹುಡುಗಿಯೂ ಹಾಗೆಯೇ ಒಂದು ಹಾಳೆ ಬರೆದುಕೊಂಡಳು.

ಸಂಜೆ ಐದಕ್ಕೆ ಪಾಲಕರ ಸಭೆ ಮುಗಿಯಿತು. ಹೊಲದಲ್ಲಿ ಉಳ್ಳಾಗಡ್ಡಿ ಕೀಳುವ ಕೆಲಸ ನಡೆದಿದ್ದರಿಂದ ಅಪ್ಪ ನಿಲ್ಲುವಂತಿರಲಿಲ್ಲ. ರಾತ್ರಿ ಎಂಟೂವರೆಗೆ ನಾನೇ ಫೋನ್ ಮಾಡುವುದು, ಅದರಾಚೆ ಅವರು ಮಾಡಬಾರದು ಎಂದು ಮೊದಲೇ ಮಾತಾಗಿತ್ತು. ಈ ಮಾತು ಅವ್ವನ ನೆಮ್ಮದಿಗಾಗಿ ಎಷ್ಟೋ ಅಷ್ಟೇ ನನ್ನ ನೆಮ್ಮದಿಗಾಗಿಯೂ ಇತ್ತು, ಏಕೆಂದರೆ ಅವ್ವನ ದನಿ ಮತ್ತೆಮತ್ತೆ ಕೇಳಿದರೆ ನಾನು ಗಟ್ಟಿಯಾಗಿ ಉಳಿಯಲಾರೆ ಎಂದು ನನಗೆ ಗೊತ್ತಿತ್ತು. ಕೋಣೆಯಲ್ಲಿ ನಾವು ಎಂಟು ಜನ, ಪ್ಲಗ್ ಒಂದೇ. ಸರದಿ ಬರುವ ಮೊದಲೇ, ಎಂಟು ಗಂಟೆಗೆ, ನನ್ನ ಫೋನು ಸತ್ತಿತು. ಚೀಟಿಯಲ್ಲಿದ್ದ ಸಂಖ್ಯೆಗೆ ಪಕ್ಕದವಳ ಫೋನಿನಿಂದ ಕರೆಮಾಡಿದೆ, ಹೊತ್ತು ಮೀರಲಿಲ್ಲ.

ಹಾಸಿಗೆ ಹೊದಿಕೆ ಕೊಡುತ್ತೇವೆ ಎಂದು ಪತ್ರದಲ್ಲಿದ್ದರೂ ಕೊಟ್ಟದ್ದು ಗಾದಿ ಮಾತ್ರ. ಇರಲಿ, ಚಾದರವಿದೆಯಲ್ಲ ಎಂದುಕೊಂಡು ಮಲಗಿದೆ. ಆದರೆ ಧಾರವಾಡದ ಮಳೆ ನಮ್ಮ ಎರೆಹೊಲದ ಕಡೆಯ ಮಳೆಯಲ್ಲ. ನಮ್ಮಲ್ಲಿ ಬಂದರೆ ಬಡಿದು ಹೋಗುತ್ತದೆ, ಇಲ್ಲಿ ಜಿಟಿಜಿಟಿ ಎಂದು ಹಿಡಿದದ್ದು ಬೆಳಗಿನವರೆಗೂ ಬಿಡಲಿಲ್ಲ. ಕಿಟಕಿಯ ಸಂದಿಯಿಂದ ಬಂದ ತಂಪಿಗೆ ಚಾದರ ಸಾಲದೆ, ಎರಡು ಜೊತೆ ಬಟ್ಟೆಯನ್ನು ಒಂದರ ಮೇಲೊಂದು ಹಾಕಿಕೊಂಡೆ. ಸಂಜೆ ಒಗೆದುಹಾಕಿದ ಟವೆಲ್ ಎರಡನೆಯ ದಿನವೂ ಒಣಗಲಿಲ್ಲ. ಆದರೂ ಬಚ್ಚಲಿಗೆ ಎದ್ದಾಗ ಯಾರಿಗೂ ಎಚ್ಚರವಾಗದಂತೆ ಬ್ಯಾಟರಿ ಕೈಗೆ ಬಂತು. ಪಡಸಾಲೆಯಲ್ಲಿ ಮಾಡಿದ ಅಭ್ಯಾಸ ಕೈಗೆ ನೆನಪಿತ್ತು. ಎದುರಿನ ಗಾದಿಯ ಹುಡುಗಿ ಗೋಡೆಗೆ ಮುಖಮಾಡಿ ಅಳುತ್ತಿದ್ದಳು. ನೀರಿನ ಬಾಟಲಿ ಕೊಟ್ಟು, ಅವಳು ಮಲಗುವವರೆಗೆ ಪಕ್ಕದಲ್ಲಿ ಕುಳಿತೆ, ಮಾತಾಡಲಿಲ್ಲ.

ಮನೆಯ ಪಡಸಾಲೆಯಲ್ಲಿ ಕತ್ತಲೆಯನ್ನು ಅಭ್ಯಾಸ ಮಾಡಬಹುದಾಗಿತ್ತು, ಬೇರೆ ಊರಿನ ಚಳಿಯನ್ನು ಅಭ್ಯಾಸ ಮಾಡಲು ಆಗುತ್ತಿರಲಿಲ್ಲ. ಮೂರನೆಯ ದಿನ ಉಳಿದ ಸಾಮಾನು ತರಲು ಊರಿಗೆ ಮರಳುವಾಗ, ಅಣ್ಣಿಗೇರಿ ದಾಟುವಷ್ಟರಲ್ಲಿ, ಮುಂದಿನ ಸಲ ಒಯ್ಯಬೇಕಾದುದರ ಪಟ್ಟಿಯನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದು ಮುಗಿಸಿದ್ದೆ. ಮೊದಲ ಸಾಲಿನಲ್ಲಿ ಅಜ್ಜಿಯ ಕೌದಿ ಇತ್ತು.